ತಪಾಸಣೆಗೆ ಹೋಗಿಬರುವ ದಾರಿ

ಹೋದ ಯುಗಾದಿಯ ಊಟಕ್ಕೆ ನನ್ನ ಪಕ್ಕದಲ್ಲಿ ಕುಳಿತಿದ್ದವರು ನಮ್ಮ ಸಂಘದ ಮಿತ್ರರೊಬ್ಬರ ತಾಯಿ. ಅರವತ್ತಮೂರು ವರ್ಷ, ಮಂಡಿನೋವು, ಕ್ವೀನ್ಸಿನಲ್ಲಿ ಮಗನ ಮನೆಯಲ್ಲಿದ್ದಾರೆ. ಸ್ತನದ ಎಕ್ಸ್‌ರೇ, ಅಂದರೆ ಮ್ಯಾಮೊಗ್ರಾಮ್ ಪರೀಕ್ಷೆ ಮಾಡಿಸಿಕೊಳ್ಳಿರೆಂದು ಡಾಕ್ಟರು ಚೀಟಿ ಬರೆದುಕೊಟ್ಟು ಎಂಟು ತಿಂಗಳಾಗಿತ್ತಂತೆ. ಯಾಕಮ್ಮ ಇನ್ನೂ ಹೋಗಲಿಲ್ಲ ಎಂದು ಕೇಳಿದೆ. "ಪರೀಕ್ಷೆ ಬಿಟ್ಟಿಯಂತೆ ಕಣಪ್ಪ, ಆದ್ರೆ ಅಲ್ಲಿಗೆ ಕರಕೊಂಡು ಹೋಗೋರು ಯಾರು?" ಎಂದರು. ಮನೆಯಿಂದ ಒಂದು ಬಸ್ಸು, ಆಮೇಲೆ ರೈಲು, ರೈಲು ಇಳಿದರೆ ಮೆಟ್ಟಿಲು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಎಕ್ಸ್‌ರೇ ತೆಗೆಯುವವರೂ ಅದೇ ವೇಳೆಯಲ್ಲಿ ಕೆಲಸಕ್ಕೆ ಬರುವವರು. ಮೂರು ಸಲ ದಿನ ಗೊತ್ತುಮಾಡಿ ಮೂರು ಸಲವೂ ರದ್ದಾಗಿತ್ತು.

ನಾನು ನಕ್ಕುಬಿಟ್ಟೆ. ಮನೆಗೆ ಬಂದ ಮೇಲೆ ನಕ್ಕದ್ದಕ್ಕೆ ನಾಚಿಕೆಯಾಯಿತು. ರಸಾಯನಶಾಸ್ತ್ರದವನಾದ ನನಗೆ ಗಾಜಿನ ಸ್ಲೈಡಿನ ಮೇಲಿನ ಜೀವಕೋಶಗಳಿಗೆ ಹೇಗೆ ಬಣ್ಣ ಕಟ್ಟುತ್ತಾರೆಂಬುದು ಗೊತ್ತು. ಆ ಜೀವಕೋಶಗಳ ಒಡತಿ ಯಾವ ಬಸ್ಸು ಹಿಡಿದು ಬಂದಳು, ಎಷ್ಟು ಚಿಲ್ಲರೆ ಕೊಟ್ಟಳು ಎಂಬುದನ್ನು ನಾನು ಯೋಚಿಸಿದವನೇ ಅಲ್ಲ. ಆಮೇಲೆ ಸ್ವಲ್ಪ ಹಳೆಯ ಕಾಗದಪತ್ರ ಓದಿದೆ. ನ್ಯೂಯಾರ್ಕ್ ನಗರದಲ್ಲಿ ಕ್ಯಾನ್ಸರ್ ತಪಾಸಣೆಯ ಚರಿತ್ರೆಯೂ ಬಸ್ಸು ರೈಲುಗಳ ಚರಿತ್ರೆಯೂ ಒಂದಕ್ಕೊಂದು ಹೆಣೆದುಕೊಂಡಿರುವುದು ಕಂಡಿತು. ಆ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರೋಗದ ಲಕ್ಷಣವೇ ಇಲ್ಲದವರನ್ನು ಕರೆದು ಪರೀಕ್ಷಿಸುವುದಕ್ಕೆ ತಪಾಸಣೆ ಎನ್ನುತ್ತೇನೆ. ನೋವಿದ್ದವನು ಹೇಗಾದರೂ ಮಾಡಿ ಆಸ್ಪತ್ರೆ ಸೇರುತ್ತಾನೆ. ಸಾಲ ಮಾಡಿಯಾದರೂ ಟ್ಯಾಕ್ಸಿ ಹಿಡಿಯುತ್ತಾನೆ. ಆರೋಗ್ಯವಾಗಿದ್ದೇನೆ ಎಂದುಕೊಂಡಿರುವ ಹೆಂಗಸು ಅರ್ಧ ದಿನದ ಸಂಬಳ ಬಿಟ್ಟು ಎರಡು ವಾಹನ ಬದಲಾಯಿಸಿ ಯಾಕೆ ಹೋಗಬೇಕು? ಆದ್ದರಿಂದ ದಾರಿ ಸ್ವಲ್ಪ ಕಷ್ಟವಾದರೂ ಮೊದಲು ಬಿಟ್ಟುಹೋಗುವುದು ತಪಾಸಣೆಯೇ.

ಆರೋಗ್ಯವಂತ ಹೆಂಗಸರಿಗಾಗಿಯೇ ಕ್ಯಾನ್ಸರ್ ತಡೆಯುವ ಚಿಕಿತ್ಸಾಲಯವೊಂದನ್ನು 1937ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದವರು ಡಾ. ಎಲೀಸ್ ಲೆಸ್ಪೆರಾನ್ಸ್ ಎಂಬ ಮಹಿಳೆ. ಕ್ಯಾನ್ಸರಿನಿಂದ ತೀರಿಕೊಂಡ ತಾಯಿ ಕೇಟ್ ಡೆಪ್ಯೂ ಸ್ಟ್ರ್ಯಾಂಗ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಈಕೆಯ ಆಸ್ತಿ ಬಂದದ್ದು ಸೋದರಮಾವ ಚಾನ್ಸಿ ಡೆಪ್ಯೂ ಅವರಿಂದ. ಆತ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆ ಕಂಪೆನಿಯ ಅಧ್ಯಕ್ಷರಾಗಿದ್ದವರು. ರೈಲಿನ ದುಡ್ಡಿನಿಂದ ತಪಾಸಣೆ ಹುಟ್ಟಿತೆಂದು ತಮಾಷೆಗೆ ಹೇಳಬಹುದು! 1940ರಲ್ಲಿ ಅಂಥದೇ ಇನ್ನೊಂದು ಚಿಕಿತ್ಸಾಲಯ ಮೆಮೋರಿಯಲ್ ಆಸ್ಪತ್ರೆಯಲ್ಲಿ ಆರಂಭವಾಯಿತು.

ಈ ಮೆಮೋರಿಯಲ್ ಆಸ್ಪತ್ರೆ 1939ರಲ್ಲಿ 68ನೇ ಬೀದಿಯ ಯಾರ್ಕ್ ಅವೆನ್ಯೂ ಬಳಿಗೆ ಬಂದಿತ್ತು. ಹತ್ತಿರದಲ್ಲೇ ಕಾರ್ನೆಲ್ ವೈದ್ಯಕೀಯ ಕಾಲೇಜು. ಅಲ್ಲಿ ಗ್ರೀಸ್ ದೇಶದಿಂದ ಬಂದ ಜಾರ್ಜ್ ಪಾಪನಿಕೊಲಾವ್, ಗರ್ಭಕೋಶದ ಕೊರಳಿನ ಜೀವಕೋಶಗಳನ್ನು ಸ್ಲೈಡಿಗೆ ಬಳಿದು ಬಣ್ಣ ಕಟ್ಟಿ ಕ್ಯಾನ್ಸರನ್ನು ಮೊದಲೇ ಗುರುತಿಸುವ ವಿಧಾನವನ್ನು ರೂಪಿಸುತ್ತಿದ್ದರು. ಟ್ರಾಟ್ ಎಂಬ ವೈದ್ಯರ ಜತೆಗೂಡಿ 1941ರಲ್ಲಿ ಲೇಖನವನ್ನೂ 1943ರಲ್ಲಿ ಪುಸ್ತಕವನ್ನೂ ಪ್ರಕಟಿಸಿದರು. ನಮ್ಮ ಹೆಂಗಸರೆಲ್ಲ ಕೇಳಿರುವ 'ಪ್ಯಾಪ್' ಪರೀಕ್ಷೆ ಇದೇ. ಈಥರ್ ಮತ್ತು ಆಲ್ಕೊಹಾಲ್ ಸಮನಾಗಿ ಬೆರೆಸಿದ ದ್ರವದಲ್ಲಿ ಸ್ಲೈಡನ್ನು ಅದ್ದಬೇಕು, ಹೆಮಟಾಕ್ಸಿಲಿನ್ನಿನಿಂದ ಕೋಶಕೇಂದ್ರಕ್ಕೆ, ಆರೆಂಜ್-ಜಿ ಮತ್ತು ಇಯೊಸಿನ್ ಬಣ್ಣಗಳಿಂದ ಉಳಿದ ಭಾಗಕ್ಕೆ ರಂಗು ಕೊಡಬೇಕು, ತರಬೇತಾದ ಕಣ್ಣು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಳ್ಳೆಯ ರಸಾಯನಕ್ರಿಯೆಯೇ. ಆದರೆ ಇದರಲ್ಲಿ ಒಂದು ತೊಡಕಿದೆ, ಅದು ನನಗೆ ಹೊಳೆದದ್ದು ಯುಗಾದಿಯ ಊಟದ ನಂತರ: ಇಷ್ಟೆಲ್ಲ ಮುಗಿಯುವವರೆಗೆ ಆ ಹೆಂಗಸು ಅಲ್ಲಿ ಕಾದಿರುವುದಿಲ್ಲ. ಅವಳು ಮನೆಗೆ ಹೋಗಿರುತ್ತಾಳೆ. ಏನಾದರೂ ಕಂಡರೆ ಮತ್ತೆ ಬರಬೇಕು. ಅಂದರೆ ತಪಾಸಣೆಗೆ ಒಂದು ಪಯಣವಲ್ಲ, ಎರಡು, ಚೂರು ತೆಗೆದು ನೋಡಬೇಕಾದರೆ ಮೂರು, ಚಿಕಿತ್ಸೆಗೆ ಇನ್ನೆಷ್ಟೋ.

ಈಗ ಆ ದಾರಿಯನ್ನು ನೋಡೋಣ. ಮ್ಯಾನ್‌ಹಟನ್ನಿನ ಪೂರ್ವಭಾಗದಲ್ಲಿ ಹಿಂದೆ ಕಂಬಗಳ ಮೇಲೆ ಓಡುವ ಎರಡು ರೈಲುದಾರಿಗಳಿದ್ದವು. ಎರಡನೇ ಅವೆನ್ಯೂವಿನದು 1942ರ ಹೊತ್ತಿಗೆ ಪೂರ್ತಿ ನಿಂತಿತು. ಮೂರನೇ ಅವೆನ್ಯೂವಿನದು 1955ರಲ್ಲಿ. ಸದ್ದು, ಕತ್ತಲು, ಧೂಳು ಹೋಯಿತೆಂದು ಅಲ್ಲಿಯ ಮನೆಮಾಲೀಕರಿಗೆ ಸಂತೋಷ. ಇವುಗಳ ಬದಲು ನೆಲದಡಿಯಲ್ಲಿ ಹೊಸ ದಾರಿ ಬರುತ್ತದೆಂದು 1929ರಿಂದಲೂ ನಕ್ಷೆ ಸಿದ್ಧವಿತ್ತು. 1972ರಲ್ಲಿ ಈಸ್ಟ್ ಹಾರ್ಲೆಮ್‌ನಲ್ಲಿ ಗುದ್ದಲಿಪೂಜೆಯೂ ಆಯಿತು. 1975ರಲ್ಲಿ ನಗರದ ಬೊಕ್ಕಸ ಬರಿದಾಗಿ ಕೆಲಸ ನಿಂತಿತು. ಕೊನೆಗೆ 2017ರ ಜನವರಿ ಒಂದರಂದು ರೈಲು ಓಡಿತು, ಆದರೆ 96ನೇ ಬೀದಿಯವರೆಗೆ ಮಾತ್ರ. ಈಸ್ಟ್ ಹಾರ್ಲೆಮ್ ಆರಂಭವಾಗುವುದೇ ಆ 96ನೇ ಬೀದಿಯಿಂದ! ಹೀಗಾಗಿ ಅಲ್ಲಿಯ ಬಡಜನ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಲೆಕ್ಸಿಂಗ್ಟನ್ ಅವೆನ್ಯೂವಿನ ಒಂದೇ ರೈಲಿಗೆ ಜೋತುಬಿದ್ದಿದ್ದರು. ಅದರ 68ನೇ ಬೀದಿಯ ನಿಲ್ದಾಣದಲ್ಲಿ ಇಳಿದರೆ ಯಾರ್ಕ್ ಅವೆನ್ಯೂಗೆ ನಾಲ್ಕು ಉದ್ದನೆಯ ಬ್ಲಾಕು ನಡೆಯಬೇಕು. ನನ್ನಂಥವನಿಗೆ ಹತ್ತು ಹನ್ನೆರಡು ನಿಮಿಷ. ಮಂಡಿನೋವಿನವರನ್ನು ಜನವರಿಯ ಹಿಮದಲ್ಲಿ ನಡೆಸಿ ನೋಡಿ.

ಇನ್ನು ಟಿಕೆಟಿನ ವಿಷಯ. 1904ರಲ್ಲಿ ಸುರಂಗ ರೈಲು ಆರಂಭವಾದಾಗ ದರ 5 ಸೆಂಟು. 1948ರವರೆಗೆ, ಎರಡು ಮಹಾಯುದ್ಧಗಳನ್ನು ದಾಟಿ, ಅದು ಬದಲಾಗಲಿಲ್ಲ. ಆಮೇಲೆ 10, 1953ರಲ್ಲಿ 15 (ಟೋಕನ್ ಬಂದದ್ದು ಆಗಲೇ), 1975ರಲ್ಲಿ 50, 1986ರಲ್ಲಿ ಒಂದು ಡಾಲರು, 1995ರಲ್ಲಿ ಒಂದೂವರೆ. ದರ ಏರಿದ್ದು ದೊಡ್ಡ ಮಾತಲ್ಲ. ದೊಡ್ಡ ಮಾತು ಬೇರೆ ಇದೆ. ಬಸ್ಸಿನಿಂದ ಇಳಿದು ರೈಲು ಹತ್ತಿದರೆ ಮತ್ತೆ ಪೂರ್ತಿ ದರ ಕೊಡಬೇಕಾಗಿತ್ತು. ರೈಲು ನಿಲ್ದಾಣಕ್ಕೆ ನಡೆದು ಹೋಗಲಾರದಷ್ಟು ದೂರವಿದ್ದ ಕ್ವೀನ್ಸ್, ಬ್ರಾಂಕ್ಸ್, ಬ್ರೂಕ್ಲಿನ್ನಿನ ಬಡಾವಣೆಗಳಿಗೆ 'ಎರಡು ದರದ ವಲಯ' ಎಂಬ ಹೆಸರೇ ಬಿದ್ದಿತ್ತು. ಹೋಗಿಬರಲು ನಾಲ್ಕು ದರ, ಅಂದರೆ 1996ರಲ್ಲಿ ಆರು ಡಾಲರು. ಆ ವರ್ಷದ ಅಕ್ಟೋಬರಿನಿಂದ ಕನಿಷ್ಠ ಕೂಲಿ ಗಂಟೆಗೆ ನಾಲ್ಕು ಮುಕ್ಕಾಲು ಡಾಲರು. ಮನೆ ಹತ್ತಿರ ಆಸ್ಪತ್ರೆಯಿಲ್ಲದವಳೇ ದಾರಿಗೂ ಹೆಚ್ಚು ತೆರಬೇಕು! ಮೆಟ್ರೊಕಾರ್ಡ್ ಬಂದು 1997ರ ಜುಲೈ 4ರಂದು ಬಸ್ಸಿನಿಂದ ರೈಲಿಗೆ ಉಚಿತ ಬದಲಾವಣೆ ಸಿಕ್ಕಿತು. ಆರೋಗ್ಯ ಇಲಾಖೆಯವರು ಮಾಡಿದ ಕೆಲಸವಲ್ಲ ಅದು, ಆದರೂ ಈ ನಗರದ ಆರೋಗ್ಯದ ಚರಿತ್ರೆ ಬರೆಯುವವರು ಆ ದಿನವನ್ನು ಒಂದು ಸಾಲಿನಲ್ಲಾದರೂ ನೆನೆಯಬೇಕೆಂದು ನನ್ನ ಅಭಿಪ್ರಾಯ.

ಜನ ಬರಲಾರದಿದ್ದರೆ ಪರೀಕ್ಷೆಯನ್ನೇ ಜನರ ಹತ್ತಿರ ಒಯ್ಯಬಾರದೇಕೆ ಎಂಬ ಯೋಚನೆ 1960ರ ದಶಕದ್ದು. ಫಿಲಿಪ್ ಸ್ಟ್ರಾಕ್ಸ್ ಎಂಬ ಎಕ್ಸ್‌ರೇ ತಜ್ಞರ ಹೆಂಡತಿ 1947ರಲ್ಲಿ ಇನ್ನೂ ನಲವತ್ತು ತುಂಬುವ ಮೊದಲೇ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಮುಂದೆ ಅವರು ಸ್ಯಾಮ್ ಶಪೀರೊ ಎಂಬ ಸಂಖ್ಯಾಶಾಸ್ತ್ರಜ್ಞರು ಮತ್ತು ಲೂಯಿ ವೆನೆ ಎಂಬ ಶಸ್ತ್ರವೈದ್ಯರ ಜತೆ ಸೇರಿ, 1963ರ ಡಿಸೆಂಬರಿನಲ್ಲಿ ಒಂದು ದೊಡ್ಡ ಪ್ರಯೋಗ ಆರಂಭಿಸಿದರು. ನ್ಯೂಯಾರ್ಕಿನ ಆರೋಗ್ಯ ವಿಮಾ ಯೋಜನೆಯ (ಎಚ್‌ಐಪಿ) ಸದಸ್ಯರಾಗಿದ್ದ 40ರಿಂದ 64 ವಯಸ್ಸಿನ ಸುಮಾರು 62,000 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಮ್ಯಾಮೊಗ್ರಾಮ್ ಮತ್ತು ವೈದ್ಯರ ಪರೀಕ್ಷೆಗೆ ಆಹ್ವಾನ ಕೊಟ್ಟರು. ಕೆಲಸಕ್ಕೆ ಹೋಗುವ ಹೆಂಗಸರು ಸಿಗುವುದಾದರೂ ಹೇಗೆ? ಸ್ಟ್ರಾಕ್ಸ್ ಒಂದು ವ್ಯಾನಿಗೆ ಎಕ್ಸ್‌ರೇ ಯಂತ್ರ ಕೂಡಿಸಿ ಮ್ಯಾನ್‌ಹಟನ್ನಿನ ಕಚೇರಿಗಳ ನಡುವೆ ಐಸ್‌ಕ್ರೀಮ್ ಗಾಡಿಗಳ ಸಾಲಿನಲ್ಲೇ ನಿಲ್ಲಿಸಿದರು. ಮಧ್ಯಾಹ್ನದ ಊಟದ ವಿರಾಮದಲ್ಲಿ ಹೆಂಗಸರು ಬಂದು ಪರೀಕ್ಷೆ ಮುಗಿಸಿಕೊಂಡು ಮೇಜಿಗೆ ಮರಳಬಹುದು. ಎಷ್ಟು ಸರಳ ನೋಡಿ!

ಹತ್ತು ವರ್ಷಗಳ ಲೆಕ್ಕ ತೆಗೆದಾಗ ಆಹ್ವಾನಿತರ ಗುಂಪಿನಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇಕಡ 30ರಷ್ಟು ಕಡಿಮೆಯಿತ್ತು. ಮ್ಯಾಮೊಗ್ರಾಮಿನ ಬಗ್ಗೆ ಇಂದಿನವರೆಗೆ ನಡೆದ ವಾದವಿವಾದಗಳೆಲ್ಲ ಶುರುವಾಗುವುದು ಇಲ್ಲಿಂದ. ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಇನ್ನೊಂದು ಅಂಕಿ. ವಿಮೆ ಇತ್ತು, ಪತ್ರ ಹೋಗಿತ್ತು, ಖರ್ಚಿಲ್ಲ. ಆದರೂ ಆಹ್ವಾನಿತರಲ್ಲಿ ಮೂರನೆಯ ಒಂದು ಭಾಗ ಮೊದಲ ಪರೀಕ್ಷೆಗೇ ಬರಲಿಲ್ಲ.

ವಿಮೆಯೂ ಇಲ್ಲದವರ ಪಾಡು ತಿಳಿಯಬೇಕಾದರೆ ಹಾರ್ಲೆಮ್‌ಗೆ ಹೋಗಬೇಕು. ಹೆರಾಲ್ಡ್ ಫ್ರೀಮನ್ ಎಂಬ ಕರಿಯ ಶಸ್ತ್ರವೈದ್ಯರು 1967ರಲ್ಲಿ ಹಾರ್ಲೆಮ್ ಆಸ್ಪತ್ರೆಗೆ ಬಂದಾಗ, ಗಂಟು ಒಡೆದು ಹುಣ್ಣಾದ ಮೇಲೆ ಬರುವ ಹೆಂಗಸರನ್ನು ಕಂಡು ದಿಗಿಲುಗೊಂಡರು. 1964ರಿಂದ 1986ರವರೆಗೆ ಅಲ್ಲಿ ಚಿಕಿತ್ಸೆ ಪಡೆದ 606 ಸ್ತನ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ಅವರು ಮುಂದೆ ಪ್ರಕಟಿಸಿದರು. ಸುಮಾರು ಅರ್ಧದಷ್ಟು ಜನ ಬಂದದ್ದೇ ಮೂರು ನಾಲ್ಕನೇ ಹಂತದಲ್ಲಿ. ಮೊದಲ ಹಂತದಲ್ಲಿ ಬಂದವರು ನೂರಕ್ಕೆ ಆರು. ಐದು ವರ್ಷ ಬದುಕಿದವರು ನೂರಕ್ಕೆ 39. ಫ್ರೀಮನ್ ಮತ್ತು ಮೆಕ್‌ಕಾರ್ಡ್ 1990ರಲ್ಲಿ ಬರೆದ ಇನ್ನೊಂದು ಲೇಖನ ದೊಡ್ಡ ಗದ್ದಲವನ್ನೇ ಎಬ್ಬಿಸಿತು: ಹಾರ್ಲೆಮ್‌ನ ಕರಿಯ ಗಂಡಸು 65 ವರ್ಷ ಮುಟ್ಟುವ ಸಂಭವ ಬಾಂಗ್ಲಾದೇಶದ ಗಂಡಸಿಗಿಂತ ಕಡಿಮೆ ಎಂದು ಅದರಲ್ಲಿತ್ತು.

1979ರಲ್ಲಿ ಹಾರ್ಲೆಮ್‌ನ 125ನೇ ಬೀದಿಯಲ್ಲಿ ಉಚಿತ ತಪಾಸಣಾ ಕೇಂದ್ರ ತೆರೆಯಿತು. ಯಾರ್ಕ್ ಅವೆನ್ಯೂವಿನ ಕ್ಯಾನ್ಸರ್ ಆಸ್ಪತ್ರೆಯೇ ಅಷ್ಟು ದೂರ ನಡೆದುಬಂದ ಹಾಗೆ. ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಹಾರ್ಲೆಮ್ ಆಸ್ಪತ್ರೆಯ ಬಾಗಿಲ ಮುಂದೆಯೇ 135ನೇ ಬೀದಿಯ ರೈಲು ನಿಲ್ದಾಣವಿದೆ. ಎಲ್ಲವನ್ನೂ ಬಸ್ಸು ರೈಲಿನ ತಲೆಗೆ ಕಟ್ಟಿದರೆ ತಪ್ಪಾಗುತ್ತದೆ. ವಿಮೆಯಿಲ್ಲದ್ದು, ಭಯ, ಗಂಟೆಗಟ್ಟಲೆ ಕಾಯುವುದು, ಮಗುವನ್ನು ನೋಡಿಕೊಳ್ಳುವವರಿಲ್ಲದ್ದು, ಎಲ್ಲವೂ ಸೇರಿತ್ತು. ಆದರೆ ಫ್ರೀಮನ್ ಗಮನಿಸಿದ್ದು ಬೇರೆಯೇ. ಉಚಿತ ತಪಾಸಣೆಗೆ ಹೆಂಗಸರು ಬಂದರು. ಗಂಟು ಸಿಕ್ಕಿತು. ಮತ್ತೆ ಬನ್ನಿ ಎಂದರೆ ಬರಲಿಲ್ಲ! ನಾನು ಮೇಲೆ ಹೇಳಿದ ಎರಡನೆಯ ಪಯಣ ಇದೇ.

1990ರಲ್ಲಿ ಅವರು ಮಾಡಿದ ಉಪಾಯಕ್ಕೆ ಹೊಸ ಯಂತ್ರವೇನೂ ಬೇಕಾಗಲಿಲ್ಲ. ಆ ಬಡಾವಣೆಯ ಜನರನ್ನೇ ಗೊತ್ತುಮಾಡಿ, ಪರೀಕ್ಷೆಯಲ್ಲಿ ಏನಾದರೂ ಕಂಡ ಪ್ರತಿಯೊಬ್ಬರ ಜತೆಗೂ ಒಬ್ಬೊಬ್ಬರನ್ನು ದಾರಿತೋರುವವರನ್ನಾಗಿ ಬಿಟ್ಟರು. ಮುಂದಿನ ಸಲ ಯಾವಾಗ ಬರಬೇಕು, ಯಾವ ಕಾಗದ ತರಬೇಕು, ಹೇಗೆ ಬರಬೇಕು, ಎಲ್ಲ ಅವರ ಹೊಣೆ. ವಾಹನಕ್ಕೆ ಏರ್ಪಾಡು ಮಾಡುವುದೂ ಅದರಲ್ಲಿ ಸೇರಿತ್ತು. ನಮ್ಮ ಹಳ್ಳಿಗಳಲ್ಲಿ ಪಟ್ಟಣದ ಆಸ್ಪತ್ರೆಗೆ ಹೋಗುವವರ ಜತೆಗೆ "ಅವನಿಗೆ ಪೇಟೆ ಗೊತ್ತು" ಎಂದು ಒಬ್ಬನನ್ನು ಕಳಿಸುತ್ತಿದ್ದರಲ್ಲ, ಅದೇ. ಹೀಗೆ ಜೊತೆಗಾರರಿದ್ದವರಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಜನ ಚೂರು ತೆಗೆಸುವ ಪರೀಕ್ಷೆಯನ್ನು ಮುಗಿಸಿದರು, ಇಲ್ಲದವರಲ್ಲಿ 57ರಷ್ಟು. 1995ರಿಂದ 2000ದವರೆಗಿನ ರೋಗಿಗಳನ್ನು ಲೆಕ್ಕಹಾಕಿದಾಗ ಐದು ವರ್ಷ ಬದುಕಿದವರು ನೂರಕ್ಕೆ 70. ತಡವಾದ ಹಂತದಲ್ಲಿ ಬಂದವರು 21ಕ್ಕೆ ಇಳಿದಿದ್ದರು. ಇದಕ್ಕೆ ಉಚಿತ ತಪಾಸಣೆ, ಹೊಸ ಔಷಧ, ಜೊತೆಗಾರರು ಮೂವರೂ ಕಾರಣ. ಯಾರ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ನನ್ನಂಥ ಪ್ರಯೋಗಶಾಲೆಯವನಿಗೆ ಕಷ್ಟ. 2005ರಲ್ಲಿ ಅಮೆರಿಕದ ಸಂಸತ್ತು ಇಂಥ ದಾರಿತೋರುವವರಿಗಾಗಿಯೇ ಒಂದು ಕಾಯಿದೆ ಮಾಡಿತು.

ರಸಾಯನಶಾಸ್ತ್ರದಿಂದ ಪಯಣಗಳನ್ನು ಕಡಿಮೆ ಮಾಡಬಹುದೆ? ಹೌದು, ಅದಕ್ಕೆ ಎರಡು ಉದಾಹರಣೆಗಳಿವೆ. ಮೊದಲನೆಯದು ದೊಡ್ಡ ಕರುಳಿನ ಕ್ಯಾನ್ಸರಿಗೆ ಸಂಬಂಧಿಸಿದ್ದು. 1967ರಲ್ಲಿ ಒಹಾಯೊ ರಾಜ್ಯದ ಡೇವಿಡ್ ಗ್ರೀಗರ್ ಎಂಬ ವೈದ್ಯರು, ಗ್ವಾಯಕಮ್ ಮರದ ಅಂಟನ್ನು ಹಚ್ಚಿದ ಕಾಗದದ ಅಟ್ಟೆಯನ್ನು ರೋಗಿಗಳ ಕೈಗೇ ಕೊಟ್ಟು ಕಳಿಸಿದ ವಿಧಾನವನ್ನು ವರದಿ ಮಾಡಿದರು. ಮನೆಯಲ್ಲೇ ಮಲದ ಮಾದರಿಯನ್ನು ಅದಕ್ಕೆ ಬಳಿದು ಹಿಂದಿರುಗಿಸಿದರೆ ಸಾಕು. ಹೈಡ್ರೊಜನ್ ಪೆರಾಕ್ಸೈಡ್ ಹನಿಸಿದಾಗ, ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಅದರ ಹೀಮ್ ಅಂಶದಿಂದ ಅಟ್ಟೆ ನೀಲಿಯಾಗುತ್ತದೆ. ಮಾಂಸ, ಮೂಲಂಗಿ ತಿಂದರೂ ನೀಲಿಯಾಗುವ ಪೇಚಿತ್ತು. ಈಚೆಗೆ ಮನುಷ್ಯರ ರಕ್ತವನ್ನಷ್ಟೇ ಹಿಡಿಯುವ ಪ್ರತಿಕಾಯಗಳ ಪರೀಕ್ಷೆ ಬಂದಿದೆ. ಇಂಗ್ಲೆಂಡಿನಲ್ಲಿ 2019ರಿಂದ ಇದನ್ನೇ ಅಂಚೆಯಲ್ಲಿ ಮನೆಮನೆಗೆ ಕಳಿಸುತ್ತಾರೆ. ಮೊದಲ ಪಯಣ ಅಂಚೆಯವನ ಪಾಲಾಯಿತು. ರಕ್ತ ಕಂಡರೆ ಮಾತ್ರ ಕರುಳಿನೊಳಗೆ ನಳಿಗೆ ಇಳಿಸಿ ನೋಡುವ ಕೊಲೊನೊಸ್ಕೊಪಿ ತಪ್ಪಿದ್ದಲ್ಲ. ಅದಕ್ಕೆ ಮಂಪರು ಕೊಡುವುದರಿಂದ ಗೊತ್ತಿರುವ ದೊಡ್ಡವರೊಬ್ಬರು ಬಂದು ಕರೆದುಕೊಂಡು ಹೋಗಬೇಕೆಂಬ ಕಟ್ಟುನಿಟ್ಟು. ಟ್ಯಾಕ್ಸಿಯಲ್ಲಿ ಒಂಟಿಯಾಗಿ ಹೋಗುತ್ತೇನೆಂದರೆ ಒಪ್ಪುವುದಿಲ್ಲ. ಒಂಟಿಯಾಗಿ ಬದುಕುವ ವಿದ್ಯಾವಂತರು, ಕಾರಿರುವವರು ಕೂಡ ಇದೊಂದೇ ಕಾರಣಕ್ಕೆ ಮುಂದೂಡುವುದನ್ನು ನನ್ನ ಸಹೋದ್ಯೋಗಿಗಳಲ್ಲೇ ಕಂಡಿದ್ದೇನೆ.

ಎರಡನೆಯ ಉದಾಹರಣೆ ನಮ್ಮ ದೇಶದ್ದು, ಮುಂಬಯಿಯ ಕೊಳೆಗೇರಿಗಳದ್ದು. ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿದ ಪ್ರಯೋಗ ಇದು. ಪ್ಯಾಪ್ ಪರೀಕ್ಷೆಗೆ ಬೇಕಾದ ಬಣ್ಣ, ಸೂಕ್ಷ್ಮದರ್ಶಕ, ತಜ್ಞ ಯಾವುದೂ ಇಲ್ಲ. ಶೇಕಡ 4ರ ಅಸಿಟಿಕ್ ಆಮ್ಲ ಮಾತ್ರ, ಅಂದರೆ ಹೆಚ್ಚು ಕಡಿಮೆ ಅಡಿಗೆಮನೆಯ ವಿನಿಗರ್. ಗರ್ಭಕೋಶದ ಕೊರಳಿಗೆ ಅದನ್ನು ಹಚ್ಚಿ ಒಂದು ನಿಮಿಷ ಕಾದರೆ, ಕೆಟ್ಟ ಜೀವಕೋಶಗಳಲ್ಲಿ ಹೆಚ್ಚಾಗಿರುವ ಪ್ರೊಟೀನು ಹೆಪ್ಪುಗಟ್ಟಿ ಆ ಜಾಗ ಬಿಳುಪಾಗುತ್ತದೆ. ಹಾಲಿಗೆ ನಿಂಬೆರಸ ಹಿಂಡಿದ ಹಾಗೆ ಎಂದರೆ ನಮ್ಮ ಹೆಂಗಸರಿಗೆ ಕೂಡಲೇ ಅರ್ಥವಾದೀತು. ಹತ್ತನೆಯ ತರಗತಿ ಓದಿದ ಹೆಂಗಸರಿಗೇ ಕೆಲವು ವಾರ ತರಬೇತಿ ಕೊಟ್ಟು, ಕೊಳೆಗೇರಿಯ ನಡುವೆಯೇ ತಾತ್ಕಾಲಿಕ ಚಿಕಿತ್ಸಾಲಯ ಹೂಡಿ, 35ರಿಂದ 64 ವಯಸ್ಸಿನ 75,360 ಹೆಂಗಸರನ್ನು ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸಲ ಕರೆದರು. ಫಲಿತಾಂಶ ಅಲ್ಲೇ, ಆಗಲೇ. ಲೋಕಲ್ ಟ್ರೈನ್ ಹತ್ತಬೇಕಾಗಿಲ್ಲ, ವರದಿಗೆ ಅಲೆಯಬೇಕಾಗಿಲ್ಲ. 2013ರಲ್ಲಿ ಶಿಕಾಗೊ ಸಮ್ಮೇಳನದಲ್ಲಿ ಡಾ. ಸುರೇಂದ್ರ ಶಾಸ್ತ್ರಿಯವರು ಫಲಿತಾಂಶ ಹೇಳಿದರು: ಗರ್ಭಕೊರಳಿನ ಕ್ಯಾನ್ಸರಿನ ಸಾವು ಶೇಕಡ 31ರಷ್ಟು ಇಳಿದಿತ್ತು. ಹೋಲಿಕೆಗೆಂದು ಇಟ್ಟುಕೊಂಡ ಇನ್ನೊಂದು ಗುಂಪಿನ ಹೆಂಗಸರಿಗೆ ತಪಾಸಣೆ ಮಾಡದೆ ಬಿಟ್ಟದ್ದು ಸರಿಯೇ ಎಂದು ತೀವ್ರ ಟೀಕೆಯೂ ಬಂತು. ಆ ಟೀಕೆಯನ್ನು ತಳ್ಳಿಹಾಕುವಂತಿಲ್ಲವೆಂದೇ ನಾನೂ ಭಾವಿಸುತ್ತೇನೆ.

ಆದರೆ ಅಂಕಿಗಳನ್ನು ನೋಡಿ. ಮನೆಯ ಹತ್ತಿರದ ಪರೀಕ್ಷೆಗೆ ಬಂದವರು ನೂರಕ್ಕೆ 89. ಬಿಳಿ ಕಲೆ ಕಂಡವರು ಖಚಿತಪಡಿಸಿಕೊಳ್ಳಲು ಆಸ್ಪತ್ರೆಗೆ ಹೋಗಬೇಕಾಗಿತ್ತು. ಹೋದವರು ನೂರಕ್ಕೆ 79. ಹಾರ್ಲೆಮ್‌ನ ಎರಡನೆಯ ಪಯಣವೇ ಪರೇಲ್‌ನಲ್ಲೂ.

ಕರ್ನಾಟಕದಲ್ಲಿ 2023ರ ಜೂನ್ 11ರಂದು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಉಚಿತ ಪ್ರಯಾಣ ಶುರುವಾಯಿತು. ಬೆಂಗಳೂರಿನಲ್ಲಿ 1973ರಿಂದ ಇರುವ ಕಿದ್ವಾಯಿ ಆಸ್ಪತ್ರೆಗೆ ಹೋಗುವ ಹೆಂಗಸಿಗೆ ಟಿಕೆಟಿನ ದುಡ್ಡು ಉಳಿಯುತ್ತದೆ. ಕಳೆದುಕೊಂಡ ಕೂಲಿ ಉಳಿಯುವುದಿಲ್ಲ. 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 30ರಿಂದ 49 ವಯಸ್ಸಿನ ಹೆಂಗಸರ ಪೈಕಿ ಎಂದಾದರೊಮ್ಮೆ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಈ ಪುಟ ಓದುವ ನಮ್ಮೆಲ್ಲರ ಅಕ್ಕ, ಅತ್ತಿಗೆ, ಚಿಕ್ಕಮ್ಮಂದಿರು ಉಳಿದ ತೊಂಬತ್ತೆಂಟರಲ್ಲಿ ಇರುವ ಸಂಭವವೇ ಹೆಚ್ಚು. ಭಾನುವಾರ ಊರಿಗೆ ಫೋನು ಮಾಡಿದಾಗ ಮಳೆ ಬೆಳೆ ವಿಚಾರಿಸಿದ ಮೇಲೆ ಇದನ್ನೂ ಒಂದು ಮಾತು ಕೇಳಬಹುದು.

ಯುಗಾದಿಯ ತಾಯಿಯ ಕಥೆ ಅರ್ಧಕ್ಕೆ ನಿಂತಿತ್ತು. ಜೂನ್ ತಿಂಗಳ ಒಂದು ಶುಕ್ರವಾರ ನಾನು ರಜೆ ಹಾಕಿ ಅವರನ್ನು ಕರೆದುಕೊಂಡು ಹೋದೆ. ಕಾರಿನಲ್ಲಿ ಹೋಗಬಹುದಿತ್ತು, ದಾರಿ ಹೇಗಿದೆ ನೋಡೋಣವೆಂದು ನಾನೇ ಹಟ ಮಾಡಿ ಬಸ್ಸು ರೈಲಿನಲ್ಲಿ ಹೊರಟೆ. ನಿಲ್ದಾಣದ ಲಿಫ್ಟು ಕೆಟ್ಟಿತ್ತು. ನ್ಯೂಯಾರ್ಕಿನ 472 ನಿಲ್ದಾಣಗಳ ಪೈಕಿ ಆಗ ಆ ಸೌಕರ್ಯವಿಲ್ಲದಿದ್ದವುಗಳಲ್ಲಿ ಶೇಕಡ 95ಕ್ಕೆ ಲಿಫ್ಟು ಅಥವಾ ಇಳಿಜಾರು ಒದಗಿಸುತ್ತೇವೆಂದು ರೈಲಿನವರು 2022ರಲ್ಲಿ ಒಪ್ಪಿದ ಒಡಂಬಡಿಕೆಯ ಗಡುವು 2055. ಅದನ್ನು ಅಮ್ಮನಿಗೆ ಹೇಳಿದೆ. "ಅಷ್ಟೊತ್ತಿಗೆ ನನ್ ಮಂಡಿ ಸರಿಹೋಗಿರತ್ತೆ ಬಿಡು" ಎಂದು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು.

ಎರಡು ವಾರದ ಮೇಲೆ ಪತ್ರ ಬಂತು: ಎಡಗಡೆಯ ಚಿತ್ರ ಸ್ಪಷ್ಟವಾಗಿಲ್ಲ, ಇನ್ನೊಂದು ಸಲ ಬನ್ನಿ. ಈ ಸಲ ಸೊಸೆ ರಜೆ ಹಾಕಿ ಕಾರಿನಲ್ಲಿ ಕರೆದುಕೊಂಡು ಹೋದರು. ಏನೂ ಇರಲಿಲ್ಲ.